ಚಂದಮ್ಮನಿಗಾಗಿ ಕಲಿಯಲು ಹೋದ ಹನ್ನೆರಡು ದಿನ

ಹಾಲೆಂಡಿಗೆ ಹೋಗಿ ಬಂದ ಮೇಲೆ ಚಿತ್ತಾಪುರದಲ್ಲಿ ನನ್ನನ್ನು ತಡೆದು ನಿಲ್ಲಿಸದವರಿಲ್ಲ. ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಕುಳಿತರೆ ಸಾಕು, ವಕೀಲರಿಂದ ಹಿಡಿದು ಅವರ ಕಕ್ಷಿದಾರರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಮಾಸ್ತರ್ರ, ಫಾರಿನ್ ಹ್ಯಾಂಗಿತ್ರಿ?" ನಾನು ಶಾಲೆಯ ಹುಡುಗರಂತೆ ಪಾಠ ಒಪ್ಪಿಸುತ್ತೇನೆ. ಊರ ತುಂಬ ಕಾಲುವೆ ಅದಾವ, ಮಂತ್ರಿಗಳೂ ಸೈಕಲ್ ಹೊಡೀತಾರ, ದನ ನಮ್ಮ ಎಮ್ಮಿಗಿಂತ ದೊಡ್ಡವು. ಅವರು "ಭಾಳ ಛಲೋ ಆತು ಬಿಡ್ರಿ" ಎಂದು ಚಹಾ ಮುಗಿಸಿ ಎದ್ದು ಹೋಗುತ್ತಾರೆ. ಅವರಿಗೆ ಅಷ್ಟು ಸಾಕು. ಉಳಿದದ್ದನ್ನು ಬಾಯಿಬಿಟ್ಟು ಹೇಳುವ ತಾಕತ್ತು ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಡ್ರಾಯಿಂಗ್ ಮಾಸ್ತರ. ಇಲ್ಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳ ಗೆರೆ ತಿದ್ದಿ ನಿವೃತ್ತನಾದವನು. ಹೆಂಡತಿ ಚಂದಮ್ಮ. ನಮಗೆ ಮಕ್ಕಳಾಗಲಿಲ್ಲ. ನನಗೆ ಅವಳು, ಅವಳಿಗೆ ನಾನು. ಮೂರು ವರ್ಷದ ಹಿಂದೆ ಅವಳಿಗೆ ಮರೆವು ಶುರುವಾಯಿತು. ಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಸಂತೆಯ ವಾರ. ಆಮೇಲೆ ಓಣಿಯವರ ಹೆಸರು. ಕಲಬುರಗಿಯ ಡಾಕ್ಟರು ಡಿಮೆನ್ಷಿಯಾ ಎಂದರು, ಓಣಿಯವರು ಅರಳು ಮರಳು ಎಂದರು. ಅರವತ್ತಕ್ಕೇ ಅರಳು ಮರಳೇ ಎಂದು ನಾನು ಜಗಳಕ್ಕೆ ನಿಂತೆ. ಜಗಳ ಮಾಡಿದರೆ ಕಾಯಿಲೆ ಓಡುತ್ತದೆಯೇ?

ಆದರೆ ನನ್ನನ್ನು ಮಾತ್ರ ಅವಳು ಮರೆತಿರಲಿಲ್ಲ. ಬಚ್ಚಲಿನ ದಾರಿ ತಪ್ಪಿದರೂ ನನ್ನ ಸೈಕಲ್ ಅಂಗಳಕ್ಕೆ ಬಂದರೆ "ಬಂದ್ರಿ?" ಎನ್ನುತ್ತಿದ್ದಳು. ಎಲ್ಲ ಹೋಗಲಿ, ಅದೊಂದು ಉಳಿಯಲಿ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈಮುಗಿದಿದ್ದೆ. ನಾನು ಹುಟ್ಟಿದ ಊರು ಸನ್ನತಿ. ಅಲ್ಲಿನ ದೇವಿ ಚಂದ್ರಲಾಂಬೆಯ ಮುಂದೆ ನಿಂತು ಇದೊಂದನ್ನೇ ಕೇಳಿದ್ದೆ.

ಹಾಗಿರುವಾಗ ವಾಡಿಯ ಶಾಹಿನ್ ಬಂದಳು. ರೈಲ್ವೆ ಕ್ವಾರ್ಟರ್ಸಿನಿಂದ ದಿನಾ ರೈಲಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿ, ಈಗ ಹಾಲೆಂಡಿನ ಒಂದು ವೃದ್ಧಾಶ್ರಮದಲ್ಲಿ ನರ್ಸು. ರಜೆಗೆ ಬಂದವಳು ನನ್ನನ್ನು ನೋಡಲು ಬಂದು ಚಂದಮ್ಮನನ್ನೂ ನೋಡಿದಳು.

"ಸರ್, ನಮ್ಮಲ್ಲಿ ಇಂಥಾವ್ರಿಗೆ ಚಿತ್ರ ತೆಗಸ್ತಾರ, ಹೊಲಿಸ್ತಾರ, ಮಣ್ಣಿನ ಕೆಲಸ ಮಾಡಸ್ತಾರ. ಕೈಗಿ ಕೆಲಸ ಇದ್ರ ಮನಸ್ಸು ಜರಾ ಹಿಡಿತದಾಗ ಇರ್ತದ. ಮನಿಯವ್ರಿಗಿ ಕಲಸ್ತಾರ ಸರ್, ಹತ್ತು ದಿನದ ಟ್ರೇನಿಂಗ್ ಅದ. ನೀವು ಡ್ರಾಯಿಂಗ್ ಮಾಸ್ತರ್ರು. ನೀವು ಬರಬೇಕು."

ಆಹ್ವಾನದ ಪತ್ರವನ್ನು ಅವಳೇ ತರಿಸಿದಳು. ಹತ್ತು ದಿನ, ಹೋಗಿ ಬರಲು ಎರಡು ದಿನ. ಚಂದಮ್ಮನನ್ನು ಹಿಡಿದಿಟ್ಟುಕೊಳ್ಳುವ ವಿದ್ಯೆ ಕಲಿತು ಬರುತ್ತೇನೆ ಎಂದು ನಾನು ಹೊರಟೆ.

ಸುಲೇಪೇಟ, ಸೇಡಂ

ಚಂದಮ್ಮನನ್ನು ಸುಲೇಪೇಟದಲ್ಲಿ ಅವಳ ತಂಗಿ ನೀಲಮ್ಮನ ಮನೆಯಲ್ಲಿ ಬಿಡುವುದೆಂದಾಯಿತು. ನೀಲಮ್ಮನ ಮನೆ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ, ಮುಂದೆ ಬಳೆಯಂಗಡಿ, ಹಿಂದೆ ವಾಸ. ಬೇರೆ ಯಾರಿಗೂ ಚಂದಮ್ಮನನ್ನು ಒಪ್ಪಿಸುವ ಧೈರ್ಯ ನನಗಿರಲಿಲ್ಲ.

ಚಂದಮ್ಮ ನನ್ನ ಹೊಸ ಸೂಟ್‌ಕೇಸನ್ನು ಸುತ್ತಿ ಸುತ್ತಿ ನೋಡಿದಳು.

"ಎಲ್ಲಿಗಿ ಹೊಂಟೀರಿ?"

"ಫಾರಿನ್‌ಗೆ. ಕಲೀಲಿಕ್ಕಿ."

"ಈ ವಯಸ್ಸಿನಾಗ ಏನ್ ಕಲೀತೀರಿ? ಮಂದಿಗಿ ಕಲಸವ್ರು ನೀವು."

ನೀಲಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. "ಮಾವ, ನೀವು ಬೇಫಿಕರ್ ಹೋಗಿ ಬರ್ರಿ, ಅಕ್ಕನ್ನ ನಾ ನೋಡ್ಕೋತೀನಿ" ಎಂದಳು ನೀಲಮ್ಮ. ಚಂದಮ್ಮ ಬಸ್ಸಿನ ಕಿಟಕಿಯವರೆಗೂ ಬಂದು "ಹೊತ್ತಿಗಿ ಸರಿ ಉಣ್ರಿ" ಎಂದಳು. ಅವಳು ಉಂಡಿದ್ದಾಳೋ ಇಲ್ಲವೋ ಎಂಬುದು ಅವಳಿಗೇ ನೆನಪಿರದ ದಿನಗಳವು. ನನ್ನ ಊಟದ ಚಿಂತೆ ಮಾತ್ರ ಬಿಟ್ಟಿರಲಿಲ್ಲ.

ಸೇಡಂನಲ್ಲಿ ಹೈದರಾಬಾದ್ ರೈಲು ಹತ್ತಿ ಕುಳಿತಾಗ, ಸಿಮೆಂಟ್ ಕಾರ್ಖಾನೆಯ ಬೂದು ಹೊಗೆಯನ್ನು ನೋಡುತ್ತ, ನನಗೆ ಖುಷಿಯೇ ಆಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಒಬ್ಬನೇ ಕುಳಿತಿದ್ದೆ. "ಈಗ ಯಾವ ವಾರ?" ಎಂದು ಯಾರೂ ಕೇಳುತ್ತಿರಲಿಲ್ಲ. ಈ ಖುಷಿಯನ್ನೂ ಇಲ್ಲಿ ಬರೆದುಬಿಡುತ್ತೇನೆ. ಮುಚ್ಚಿಟ್ಟು ಯಾರಿಗೆ ಲಾಭ?

ಕಾಲುವೆಯ ಊರು

ಆ ಊರಿನ ಹೆಸರು ನನ್ನ ಬಾಯಿಗೆ ಕೊನೆಯವರೆಗೂ ಹತ್ತಲಿಲ್ಲ. ಅದರ ಮೊದಲ ಅಕ್ಷರವನ್ನು ಕಫ ಕ್ಯಾಕರಿಸುವ ಹಾಗೆ ಗಂಟಲಿನಿಂದ ಎಬ್ಬಿಸಬೇಕು. ನಾನು ಪ್ರಯತ್ನಿಸಿದಾಗಲೆಲ್ಲ ಶಾಹಿನ್ ನನಗೆ ನೀರಿನ ಲೋಟ ಕೊಡುತ್ತಿದ್ದಳು.

ಅಲ್ಲಿಯವರು ಬೀದಿಯ ಕಿಟಕಿಗೆ ಪರದೆಯನ್ನೇ ಎಳೆಯುವುದಿಲ್ಲ. ಸಂಜೆ ದೀಪ ಹಚ್ಚಿ, ಅಂಗಡಿಯ ಶೋಕೇಸಿನಲ್ಲಿ ಕುಳಿತ ಹಾಗೆ ಊಟ ಮಾಡುತ್ತಾರೆ. ನಾನು ಮೊದಲ ದಿನ ನಡೆಯುತ್ತ ಒಂದು ಮನೆಯ ಮುಂದೆ ನಿಂತು ಅವರ ತಟ್ಟೆಯಲ್ಲೇನಿದೆ ಎಂದು ನೋಡಿಬಿಟ್ಟೆ. ನಮ್ಮಲ್ಲಾದರೆ "ಏನ್ರೀ, ಯಾರ ಬೇಕಾಗ್ಯಾರ?" ಎಂದು ಹೊರಗೆ ಬಂದು ಕೇಳುತ್ತಿದ್ದರು. ಅವರು ಕೈಬೀಸಿದರು. ನಾನೂ ಬೀಸಿ, ನಾಚಿ, ಓಡಿದೆ. ಕಿಟಕಿ ತೆರೆದಿದ್ದರೂ ನೋಡಬಾರದಂತೆ. ತೆರೆದಿಟ್ಟದ್ದನ್ನು ನೋಡದೇ ಇರುವುದು ಅವರ ಮರ್ಯಾದೆ. ಇದನ್ನು ಶಾಹಿನ್ ಆಮೇಲೆ ಹೇಳಿದಳು.

ಇನ್ನು ಬಿಸ್ಕಿಟ್ಟು. ಕಾಫಿ ಕೊಟ್ಟು, ಡಬ್ಬಿ ತೆರೆದು ಮುಂದೆ ಹಿಡಿಯುತ್ತಾರೆ. ನೀವು ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಟಪ್ಪೆಂದು ಬೀಳುತ್ತದೆ. ಚಂದಮ್ಮ ಇದನ್ನು ನೋಡಿದ್ದರೆ ಆ ಡಬ್ಬಿಯನ್ನೇ ಕಸಿದುಕೊಂಡು ಎಲ್ಲರ ಮಡಿಲಿಗೂ ಸುರಿಯುತ್ತಿದ್ದಳು. ಎರಡನೆಯ ದಿನ ಫೋನಿನಲ್ಲಿ ಇದನ್ನು ಹೇಳಿದೆ. ಅವಳು ನಕ್ಕಳು. "ಒಂದೇ ಏನ್ರಿ? ಅಯ್ಯ, ಎಂಥಾ ಮಂದಿನ್ರಿ ಅವ್ರು! ನೀವು ಉಪಾಸ ಇರಬ್ಯಾಡ್ರಿ ಮತ್ತ" ಎಂದಳು. ಫೋನಿನ ಪರದೆಯಲ್ಲಿ ನನ್ನ ಮುಖ ನೋಡಿ ನನ್ನನ್ನು ಗುರುತು ಹಿಡಿದು ಮಾತಾಡಿದಳು. ಆ ದಿನ ಮಾತಾಡಿದ್ದಳು ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ.

ಯಾನ್ ಅಜ್ಜನ ಫರಶಿ

ಆಶ್ರಮದಲ್ಲಿ ಬೆಳಗಿನ ಕಾಫಿಯ ನಂತರ ಒಂದೂವರೆ ಗಂಟೆ ಕೈಕೆಲಸ. ನಡೆಸುವವಳು ಮಾರ್ಯಾ, ಐವತ್ತರ ಹೆಂಗಸು, ಏಪ್ರನ್ನಿನ ಜೇಬಿನಲ್ಲಿ ಸದಾ ಬ್ರಷ್ಷು. ನನಗೂ ಅವಳಿಗೂ ಮಧ್ಯೆ ಇಂಗ್ಲಿಷು. ನನ್ನದು ಹರಕು, ಅವಳದು ಸಾವಕಾಶ, ಹಾಗಾಗಿ ಹೊಂದಿತು.

ಅವರವರು ಹಿಂದೆ ಯಾವ ಕೆಲಸ ಮಾಡುತ್ತಿದ್ದರೋ ಅದರ ಹತ್ತಿರದ್ದನ್ನೇ ಕೈಗೆ ಕೊಡುವುದು ಅಲ್ಲಿನ ಪದ್ಧತಿ. ಯಾನ್ ಅಜ್ಜ ಮನೆಗಳಿಗೆ ನೆಲದ ಬಿಲ್ಲೆ ಹಾಸುತ್ತಿದ್ದವನು. ಅವನಿಗೆ ದಿನಾ ಬೆಳಿಗ್ಗೆ ಒಂದು ಹಲಗೆ, ನೀಲಿ ಬಿಳಿ ಬಿಲ್ಲೆಗಳ ಬುಟ್ಟಿ. ಅವನು ಸಾಲಾಗಿ ಜೋಡಿಸುತ್ತಾನೆ. ಸಂಜೆ ಯಾರೋ ತೆಗೆದಿಡುತ್ತಾರೆ. ಬೆಳಿಗ್ಗೆ ಮತ್ತೆ ಹೊಸದಾಗಿ. ಶಹಾಬಾದ ಫರಶಿಯ ಮೇಲೆ ತೆವಳಿ, ನಡೆದು, ಬಿದ್ದು ದೊಡ್ಡವನಾದವನು ನಾನು. ನಮ್ಮ ಮನೆ, ನಮ್ಮ ಶಾಲೆ, ನಮ್ಮ ಊರಿನ ಹೋಟೆಲಿನ ಟೇಬಲ್ಲು, ಎಲ್ಲ ಅದೇ ಕಲ್ಲು. ಈ ಅಜ್ಜ ನನ್ನವನೇ ಎನ್ನಿಸಿ ಅವನ ಪಕ್ಕದ ಕುರ್ಚಿ ಹಿಡಿದೆ.

ಅವನು ಮೂರನೆಯ ಸಾಲಿನಲ್ಲಿ ಬಿಳಿಯ ಜಾಗದಲ್ಲಿ ನೀಲಿ ಇಟ್ಟ. ಮೂವತ್ತು ವರ್ಷದ ಚಟ ಸುಮ್ಮನಿರುತ್ತದೆಯೇ? ನನ್ನ ಕೈ ಹೋಗಿ ಆ ನೀಲಿಯನ್ನು ತೆಗೆದು ಬಿಳಿ ಇಟ್ಟುಬಿಟ್ಟಿತು. ಅಜ್ಜ ಹಲಗೆಯನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ತೋಳಿನಿಂದ ಅಷ್ಟನ್ನೂ ನೆಲಕ್ಕೆ ಬಳಿದು ಎದ್ದು ಹೋದ. ಆ ದಿನ ಮತ್ತೆ ಬರಲಿಲ್ಲ, ಊಟಕ್ಕೂ ಬರಲಿಲ್ಲ.

ಮಾರ್ಯಾ ಬಯ್ಯಲಿಲ್ಲ. ನನ್ನ ಜೊತೆ ಬಗ್ಗಿ ಬಿಲ್ಲೆ ಆರಿಸುತ್ತ, "ಅವನು ಏನು ತಪ್ಪು ಮಾಡಿದೆ ಎಂಬುದನ್ನು ಮರೆತುಬಿಡುತ್ತಾನೆ. ತಪ್ಪು ಮಾಡಿದೆ ಎಂಬ ಸಂಕಟ ಮಾತ್ರ ಇಡೀ ದಿನ ಉಳಿಯುತ್ತದೆ. ಇಲ್ಲಿ ನಾವು ತಿದ್ದುವುದಿಲ್ಲ" ಎಂದಳು.

ಆ ಸಂಜೆ ನನ್ನ ಕೋಣೆಯಲ್ಲಿ ತಲೆ ಹಿಡಿದುಕೊಂಡು ಕುಳಿತೆ. ಊರಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಚಂದಮ್ಮನಿಗೆ ಎರಡು ಗೆರೆಯ ಕಾಪಿ ಪುಸ್ತಕ ತಂದುಕೊಟ್ಟಿದ್ದೆ. ಅವಳ ಹೆಸರು, ನನ್ನ ಹೆಸರು, ಓಣಿಯ ಹೆಸರು, ದಿನಾ ಒಂದೊಂದು ಪುಟ ಬರೆಸುತ್ತಿದ್ದೆ. ಒತ್ತಕ್ಷರ ತಪ್ಪಿದರೆ ಕೆಂಪು ಗೆರೆ. ಅವಳು ಕೌದಿ ಹೊಲಿಯುವುದರಲ್ಲಿ ಕೈಪಳಗಿದವಳು, ಹಳೇ ಸೀರೆ ಕೊಟ್ಟು ಅವಳಿಂದ ಕೌದಿ ಹೊಲಿಸಿಕೊಳ್ಳದ ಮನೆ ನಮ್ಮ ಓಣಿಯಲ್ಲಿಲ್ಲ. ಹೊಲಿಗೆ ಓರೆಯಾಗತೊಡಗಿದಾಗ ನಾನು ಬ್ಲೇಡು ತಂದು ಬಿಚ್ಚಿ, "ಮತ್ತ ಹೊಲಿ, ಸೀದಾ ಹೊಲಿ" ಎನ್ನುತ್ತಿದ್ದೆ. ಆಮೇಲೆ ಅವಳು ಸೂಜಿ ಹಿಡಿಯುವುದನ್ನೇ ಬಿಟ್ಟಳು. ಕಾಯಿಲೆ ಬೆಳೆಯುತ್ತಿದೆ ಎಂದುಕೊಂಡೆ. ನನ್ನ ಕೈ ಕತ್ತರಿಸಿ ಹಾಕಬೇಕಿತ್ತು.

ಯಾರದೋ ಹುಟ್ಟುಹಬ್ಬ

ಶಾಹಿನ್ ಬಾಡಿಗೆಗಿದ್ದ ಮನೆಯಲ್ಲಿ ಶೌಚಾಲಯದ ಗೋಡೆಗೆ ಒಂದು ಕ್ಯಾಲೆಂಡರು. ಅಲ್ಲಿ ಎಲ್ಲರ ಮನೆಯಲ್ಲೂ ಹಾಗೇ, ನೆಂಟರಿಷ್ಟರೆಲ್ಲರ ಹುಟ್ಟಿದ ದಿನ ಅದರಲ್ಲಿ ಬರೆದಿರುತ್ತದೆ. ಹೋಗಿ ಹೋಗಿ ಅಲ್ಲಿ ಯಾಕೆ ಎಂದೆ. "ದಿನಾ ಒಮ್ಮೆರೆ ಕುಂದರೂ ಜಾಗ ಅಲ್ಲೇನ್ರಿ ಸರ್, ನೆನಪಾಗ್ತದ" ಎಂದಳು. ಹೌದಲ್ಲ ಎನ್ನಿಸಿತು. ನಾವು ದೇವರ ಕೋಣೆಯಲ್ಲಿ ಪಂಚಾಂಗ ತೂಗುಹಾಕಿ ಏನೂ ನೆನಪಿಟ್ಟುಕೊಳ್ಳುವುದಿಲ್ಲ.

ಐದನೆಯ ದಿನ ಆಶ್ರಮದಲ್ಲಿ ಟ್ರುಸ್ ಅಜ್ಜಿಯ ಹುಟ್ಟುಹಬ್ಬ. ಎಲ್ಲರೂ ದುಂಡಗೆ ಕುಳಿತರು. ಬಂದವರು ಅಜ್ಜಿಗೆ ಶುಭಾಶಯ ಹೇಳಿ ಅಲ್ಲಿಗೇ ಬಿಡಲಿಲ್ಲ. ಕುಳಿತ ಪ್ರತಿಯೊಬ್ಬರ ಕೈಕುಲುಕಿ ಅಭಿನಂದನೆ ಹೇಳುತ್ತ ಸುತ್ತು ಬಂದರು. ನನಗೂ ಹೇಳಿದರು. "ನಂದಲ್ಲ, ನನ್ನ ಹುಟ್ಟುಹಬ್ಬ ಅಲ್ಲ" ಎಂದು ಮೊದಲ ನಾಲ್ವರಿಗೆ ಹೇಳಿದೆ. ಐದನೆಯವರಿಗೆ ಸುಮ್ಮನೆ ಥ್ಯಾಂಕ್ಯೂ ಎಂದೆ. ಅಲ್ಲಿ ಹಾಗೇ. ಒಬ್ಬರು ಹುಟ್ಟಿದ್ದಕ್ಕೆ ಎಲ್ಲರಿಗೂ ಅಭಿನಂದನೆ. ಒಳ್ಳೆಯ ಪದ್ಧತಿ, ನಾನು ನಗಾಡಿದರೂ ಒಳ್ಳೆಯದೇ.

ಅಜ್ಜಿಯ ಮಗಳು ದೂರದ ಊರಿಂದ ಬಂದಿದ್ದಳು. ಅಜ್ಜಿ ಎಲ್ಲರ ಕೈಕುಲುಕಿದಂತೆಯೇ ಮಗಳ ಕೈಯನ್ನೂ ಕುಲುಕಿ ಕಿಟಕಿಯ ಕಡೆ ತಿರುಗಿದಳು. ಮಗಳು ಕೇಕಿನ ತುಂಡನ್ನು ಫೋರ್ಕಿನಿಂದ ಪುಡಿ ಮಾಡುತ್ತ ಕುಳಿತಳು. ನನಗೆ ಅಯ್ಯೋ ಎನ್ನಿಸಿತು. ಜೊತೆಗೇ ಒಳಗೊಳಗೆ, ನನ್ನ ಚಂದಮ್ಮ ಹೀಗಲ್ಲ, ನನ್ನನ್ನು ಮರೆತಿಲ್ಲ ಎಂಬ ಸೊಕ್ಕು. ಹೌದು, ಸೊಕ್ಕೇ. ಬೇರೆ ಹೆಸರಿಲ್ಲ ಅದಕ್ಕೆ.

ಕೌದಿಯ ಹೊಟ್ಟೆ

ಟ್ರುಸ್ ಅಜ್ಜಿಗೆ ಏನು ಕೊಟ್ಟರೂ ಬೇಡ. ಬಣ್ಣ ಬೇಡ, ಜೇಡಿಮಣ್ಣು ಬೇಡ. ಹಿಂದೆ ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದಳಂತೆ. ಮಾರ್ಯಾ ನನ್ನನ್ನು ಕೇಳಿದಳು: "ನಿಮ್ಮ ಊರಿನದೇನಾದರೂ ಇದೆಯೇ?"

ಶಾಹಿನ್‌ಳ ಹಳೇ ಚೂಡಿದಾರ, ಆಶ್ರಮದ ಹರಿದ ದಿಂಬಿನ ಚೀಲ ಎಲ್ಲ ಸೇರಿಸಿ ತೊಟ್ಟಿಲಿನ ಅಳತೆಯ ಒಂದು ಕೌದಿಗೆ ಕೂತೆ. ಹೊಲಿಗೆಯನ್ನು ಚಂದಮ್ಮನ ಪಕ್ಕ ಕುಳಿತು ನೋಡಿ ಕಲಿತಿದ್ದೆ. ಅಂಚಿನಿಂದ ಶುರು ಮಾಡಿ ಒಳಗೊಳಗೆ ಬರಬೇಕು. ಅಜ್ಜಿ ಮೊದಲ ದಿನ ನೋಡಿದಳು. ಎರಡನೆಯ ದಿನ ಬಟ್ಟೆಯ ಚೂರು ಆರಿಸಿ ಕೊಟ್ಟಳು. ಮೂರನೆಯ ದಿನ ಸೂಜಿ ಹಿಡಿದಳು. ಅವಳ ಹೊಲಿಗೆ ಹಾವು ಹರಿದಂತೆ ಹೋಯಿತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ.

ಕೊನೆಯ ಮೂಲೆ ಮುಚ್ಚುವ ಹೊತ್ತಿಗೆ ನನ್ನಿಂದ ಇನ್ನೊಂದು ಎಡವಟ್ಟು. ನಮ್ಮ ಕಡೆ ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಮುಚ್ಚಬಾರದು. ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯಬೇಕು. ಹೊದೆಯುವವರ ಹೊಟ್ಟೆಗೂ ಕಡಿಮೆಯಾಗಬಾರದೆಂದು. ಚಂದಮ್ಮ ಒಂದೇ ಒಂದು ಸಲವೂ ಇದನ್ನು ತಪ್ಪಿಸಿದವಳಲ್ಲ. ಅಲ್ಲಿ ಜೋಳದ ರೊಟ್ಟಿ ಎಲ್ಲಿಂದ ತರಲಿ? ತಿಂಡಿಯ ತಟ್ಟೆಯಿಂದ ಬ್ರೆಡ್ಡಿನ ಅಂಚು ಮುರಿದು, ಅಜ್ಜಿಗೆ ತೋರಿಸಿ, ಹೊಟ್ಟೆ ಮುಟ್ಟಿಕೊಂಡು ಸನ್ನೆ ಮಾಡಿ ಒಳಗಿಟ್ಟೆ. ಅವಳು ನಕ್ಕಳು. ಇಬ್ಬರೂ ಸೇರಿ ಹೊಲಿದೆವು.

ಮರುದಿನ ಬೆಳಿಗ್ಗೆ ಮಾರ್ಯಾ ಆ ಮೂಲೆಯನ್ನು ಬಿಚ್ಚಿ ಬ್ರೆಡ್ಡು ತೆಗೆದಿದ್ದಳು. ಬೂಷ್ಟು ಹಿಡಿಯುತ್ತದೆ, ಇಲಿ ಬರುತ್ತದೆ, ಇಲ್ಲಿ ನಿಯಮವಿದೆ, ಕ್ಷಮಿಸಿ ಎಂದಳು. ಸರಿ ತಾಯಿ ಎಂದೆ.

ಟ್ರುಸ್ ಅಜ್ಜಿ ಬಂದು ತನ್ನ ಕುರ್ಚಿಯಲ್ಲಿ ಕುಳಿತಳು. ಕೌದಿಯನ್ನು ಎಳೆದುಕೊಂಡಳು. ಬೆರಳಿನಿಂದ ಆ ಮೂಲೆಯನ್ನು ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ನನ್ನ ಮುಖ ನೋಡಿ, ತನ್ನ ಅಂಗಿಯ ತೋಳಿನ ಮಡಿಕೆಯಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಅದರಲ್ಲಿ ಬೆಳಗಿನ ತಿಂಡಿಯ ಬ್ರೆಡ್ಡಿನ ಅಂಚು.

ಮಾರ್ಯಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಿನ್ನೆಯದು ಇಂದಿಗೆ ನೆನಪುಳಿಯದ ಅಜ್ಜಿ ಅದು. ಸ್ವಂತ ಮಗಳ ಗುರುತು ಹತ್ತದ ಅಜ್ಜಿ, ಹೊಸದೊಂದನ್ನು ಕಲಿತಿದ್ದಳು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಕಲೀತಾರ! ಶಾಹಿನ್, ಕಲೀತಾರ ನೋಡು!" ಎಂದು ಕನ್ನಡದಲ್ಲಿ ಕೂಗಿದೆ. ಊರಿಗೆ ಹೋದ ಮರುದಿನವೇ ಚಂದಮ್ಮನ ಮುಂದೆ ಸೂಜಿ ದಾರ ಇಡುತ್ತೇನೆ, ಅದು ಎಷ್ಟು ಓರೆಯಾದರೂ ಬಾಯಿಬಿಡುವುದಿಲ್ಲ, ಎಲ್ಲ ಸರಿಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಇಷ್ಟೆಲ್ಲ ಲೆಕ್ಕ ಹಾಕಿಬಿಟ್ಟೆ.

ಮಾರ್ಯಾಳನ್ನು ಕೇಳಿದೆ: "ಇದು ಹೇಗಾಯಿತು?"

ಅವಳು ಸಹಜವಾಗಿ ಹೇಳಿದಳು. "ನೀವು ದಿನಾ ಬಂದಿರಿ. ಅದೇ ಕುರ್ಚಿ, ಅದೇ ಹೊತ್ತು, ಅದೇ ಮುಖ. ಇವರಿಗೆ ಬೇಕಾದದ್ದು ಇಷ್ಟೇ. ಇದು ತಪ್ಪಿದರೆ ಕಟ್ಟಿದ್ದು ಬೇಗ ಬಿಚ್ಚಿಹೋಗುತ್ತದೆ, ಕೆಲವರಿಗೆ ಒಂದು ವಾರ ಸಾಕು. ಅದಕ್ಕೇ ನಾವು ಇವರ ಕೋಣೆಯನ್ನೂ ಬದಲಿಸುವುದಿಲ್ಲ." ಆಮೇಲೆ ನಗುತ್ತಲೇ ಕೇಳಿದಳು: "ನಿಮ್ಮ ಹೆಂಡತಿಯ ಎದುರು ಈಗ ಯಾರು ಕುಳಿತಿದ್ದಾರೆ?"

ತಂಗಿ ಎಂದೆ. ಬೇರೆ ಊರಲ್ಲಿ ಎಂದೆ.

"ಓ," ಎಂದಳು. ಅವಳ ನಗು ಹೋಯಿತು. ಹೇಳಬಾರದ್ದನ್ನು ಹೇಳಿದೆನೇನೋ ಎಂಬಂತೆ ನನ್ನ ತೋಳು ಮುಟ್ಟಿ, "ಪ್ರತಿಯೊಬ್ಬರೂ ಬೇರೆ ಬೇರೆ" ಎಂದು ಸೇರಿಸಿದಳು.

ಆ ಕೋಣೆಯಲ್ಲಿ ನಿಂತೇ ನನಗೆ ಗೊತ್ತಾಯಿತು. ಚಂದಮ್ಮನಿಗೆ ಉಳಿದಿದ್ದ ಒಂದೇ ಒಂದು ಕುರ್ಚಿ, ಒಂದೇ ಒಂದು ಮುಖ ನಾನು. ಅದನ್ನು ಎಬ್ಬಿಸಿಕೊಂಡು ಏಳು ಸಮುದ್ರದಾಚೆ ಬಂದು, ಪರದೇಶದ ಅಜ್ಜಿಗೆ ಕೌದಿ ಕಲಿಸುತ್ತ ಕುಳಿತಿದ್ದೆ.

ಉಳಿದ ದಿನಗಳು

ಈಗಲೇ ಹೊರಡುತ್ತೇನೆ ಎಂದೆ. ಶಾಹಿನ್ ಒಂದು ದಿನವಿಡೀ ಫೋನು ಹಿಡಿದು ಕುಳಿತಳು. ಯಾವ ವಿಮಾನದಲ್ಲೂ ಜಾಗವಿಲ್ಲ, ಮೊದಲೇ ಟಿಕೆಟು ಮಾಡಿಸಿದ್ದ ದಿನಕ್ಕೇ ಹೋಗಬೇಕು. "ಸರ್, ಭಾಳ ವಿಚಾರ ಮಾಡಬ್ಯಾಡ್ರಿ. ಟ್ರೇನಿಂಗ್ ಮುಗಿಸ್ಕೊಂಡ್ ಹೋಗ್ರಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಕರೆದವಳು ಅವಳು. ಅವಳನ್ನು ಏನೆನ್ನಲಿ? ಮನೆಯವರಿಗೆ ಕಲಿಸುತ್ತಾರೆ ಎಂದಿದ್ದಳು, ಸುಳ್ಳೇನೂ ಹೇಳಿರಲಿಲ್ಲ. ಅಲ್ಲಿನ ಬೇರೆ ಮನೆಯವರು ಸೈಕಲ್ ಹೊಡೆದುಕೊಂಡು ಬಂದು, ಕಲಿತು, ಮಧ್ಯಾಹ್ನ ಮನೆಗೆ ಹೋಗುತ್ತಿದ್ದರು.

ಸುಲೇಪೇಟಕ್ಕೆ ಫೋನು ಮಾಡಿದೆ. ಚಂದಮ್ಮ ಪರದೆಯನ್ನು ನೋಡಿದಳು, ಫೋನನ್ನು ತಿರುಗಿಸಿ ಹಿಂದೆ ಯಾರಿದ್ದಾರೆಂದು ನೋಡಿದಳು.

"ಚಂದಮ್ಮಾ, ನಾನು."

"ದನಿ ಇವ್ರದೇ ಅದ," ಎಂದಳು ನೀಲಮ್ಮನಿಗೆ. "ಇವ್ರು ಎಲ್ಲಿ ಅದಾರ?"

"ಇದರಾಗೇ ಅದಾರಲ್ಲಕ್ಕ, ಮಾರಿ ನೋಡು."

"ಇದು ಯಾರೋ ಏನೋ," ಎಂದು ಫೋನನ್ನು ನೀಲಮ್ಮನ ಕೈಗಿತ್ತಳು.

ಮರುದಿನ ನೀಲಮ್ಮನೇ ಮಾಡಿದಳು. "ಮಾವ, ಸಿಟ್ಟಾಗಬ್ಯಾಡ್ರಿ. ಅಕ್ಕ ಬಸ್ ಬಂದಾಗೊಮ್ಮೆ ರೋಡಿಗಿ ಹೋಗಾಕತ್ಯಾಳ. ನಿಮ್ಮನ್ನ ನೋಡಲಿಕ್ಕಿ. ಇಳಿದವ್ರನ್ನೆಲ್ಲ ನೋಡ್ತಾಳ, ಹೊಳ್ಳಿ ಬರ್ತಾಳ. ಅಂಗಡಿ ಬಿಟ್ಟು ನಾ ಹಿಂದ ಓಡಾಕತ್ತೀನಿ. ಉಣ್ಣು ಅಂದ್ರ, ಅವ್ರು ಬರ್ಲಿ ಅಂತಾಳ." ಫೋನಿಡುವ ಮೊದಲು, "ಲಗೂನ ಬರ್ರಿ ಮಾವ" ಎಂದಳು.

ಟ್ರೇನಿಂಗಿನ ಕೊನೆಯ ದಿನ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ಚಪ್ಪಾಳೆ ತಟ್ಟಿದರು. ಟ್ರುಸ್ ಅಜ್ಜಿ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನತ್ತ ಕೈಬೀಸಿದಳು. ಯಾನ್ ಅಜ್ಜ ತನ್ನ ನೀಲಿ ಬಿಳಿ ಸಾಲಿನಿಂದ ತಲೆ ಎತ್ತಲಿಲ್ಲ. ಕಾಲುವೆ, ಸೇತುವೆ, ಹೂವಿನ ಕುಂಡಗಳ ಚೆಂದದ ಊರದು. ಅದರ ಚೆಂದವನ್ನು ಕಂಡು ನನಗೆ ಅಸಹ್ಯವಾಗುತ್ತಿತ್ತು. ಊರಿನ ತಪ್ಪಲ್ಲ.

ಮತ್ತೆ ಸುಲೇಪೇಟ

ಸೇಡಂನಲ್ಲಿ ರೈಲಿಳಿದು, ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಒಂದು ಜೀಪು ಹಿಡಿದೆ. ಮಧ್ಯಾಹ್ನದ ಹೊತ್ತು. ನೀಲಮ್ಮ ಅಂಗಡಿಯಲ್ಲೇ ಇದ್ದಳು. ನನ್ನನ್ನು ಕಂಡು ಎದ್ದು, "ಬಂದ್ರಿ ಮಾವ" ಎಂದಳು, ಆಮೇಲೆ ಯಾಕೋ ಮುಖ ತಗ್ಗಿಸಿದಳು.

ಚಂದಮ್ಮ ಒಳಗೆ ಗೋಡೆಗೆ ಒರಗಿ ಕುಳಿತಿದ್ದಳು. ಹನ್ನೆರಡೇ ದಿನದಲ್ಲಿ ಕೊರಳ ಎಲುಬುಗಳು ಎದ್ದಿದ್ದವು. ನಾನು ಹೊಸ್ತಿಲು ದಾಟಿದೆ. ಅವಳು ತಟ್ಟನೆ ಎದ್ದು ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಇದನ್ನು ಓದುವವರಿಗೆ ಹೇಗೆ ಹೇಳಲಿ? ನಮ್ಮ ಕಡೆ ಹಿರಿಯರು ಬಂದರೆ, ಪರ ಗಂಡಸರು ಬಂದರೆ ಹೆಂಗಸರು ಸೆರಗು ಹೊದೆಯುತ್ತಾರೆ. ನನ್ನ ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಚಂದಮ್ಮ ನನ್ನೆದುರು ಸೆರಗು ಹೊದ್ದದ್ದು ಇಲ್ಲವೇ ಇಲ್ಲ. ಅವಳು ತಲೆ ತಗ್ಗಿಸಿ, "ಬರ್ರಿ, ಕುಂದ್ರಿ" ಎಂದು ಚಾಪೆ ತೋರಿಸಿದಳು. ನೀಲಮ್ಮನನ್ನು ಕರೆದು, "ಯಾರೋ ಬಂದಾರ ನೋಡು. ನೀರು ಕೊಡು" ಎಂದಳು.

ನಾನು ಕುಳಿತೆ. ನೀರು ಕುಡಿದೆ.

"ಚಿತ್ತಾಪುರದವ್ರೇನ್ರಿ?" ಎಂದು ಕೇಳಿದಳು.

"ಹೌದ್ರಿ" ಎಂದೆ. ಮೂವತ್ತೇಳು ವರ್ಷ ಸಂಸಾರ ಮಾಡಿದ ಹೆಂಡತಿಗೆ.

"ನಮ್ಮನಿಯವ್ರೂ ಅಲ್ಲೇ ಮಾಸ್ತರ ಅದಾರ. ಡ್ರಾಯಿಂಗ್ ಮಾಸ್ತರ. ಗುರ್ತು ಅದೇನ್ರಿ? ಫಾರಿನ್‌ಗೆ ಹೋಗ್ಯಾರ." ಅವಳ ದನಿಯಲ್ಲಿ ಹೆಮ್ಮೆ ಇತ್ತು. "ಹೊತ್ತಿಗಿ ಸರಿ ಉಣ್ಣಂಗಿಲ್ಲ ಅವ್ರು. ಅದೇ ನನಗ ಪರೇಶಾನಿ."

ಮಾರ್ಯಾ ಕಲಿಸಿದ್ದೆಲ್ಲ ಆ ಕ್ಷಣಕ್ಕೆ ಗಾಳಿಗೆ ಹೋಯಿತು. ಹತ್ತು ದಿನದ ಟ್ರೇನಿಂಗು, ಪ್ರಮಾಣಪತ್ರ, ಎಲ್ಲ. "ಚಂದಮ್ಮಾ, ನಾನೇ! ನೋಡು, ನಾನೇ ಬಂದೀನಿ!" ಎಂದು ಅವಳ ಕೈ ಹಿಡಿದೆ.

ಅವಳು ಚೀರಿದಳು. ಕೈ ಕಿತ್ತುಕೊಂಡು ಅಡುಗೆಮನೆಗೆ ಓಡಿ ಒಳಗಿಂದ ಚಿಲಕ ಹಾಕಿದಳು. "ನೀಲಾ, ಈ ಮನಷ್ಯಾನ್ನ ಹೊರಗ ಹಾಕು! ಅವ್ರು ಬಂದ್ರ ಇವನ್ನ ಸುಮ್ನ ಬಿಡೂದಿಲ್ಲ!" ಎಂದು ಅಳುತ್ತಿದ್ದಳು. ನನ್ನಿಂದ ಕಾಪಾಡಲು ನನ್ನನ್ನೇ ಕರೆಯುತ್ತಿದ್ದಳು. ನಾನು ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಬಳೆ ಕೊಳ್ಳಲು ಬಂದ ಹೆಂಗಸರ ಎದುರಿಗೇ, ಬಿಕ್ಕಿ ಬಿಕ್ಕಿ ಅತ್ತೆ.

ಆ ರಾತ್ರಿಯನ್ನು ಪಕ್ಕದ ಮನೆಯಲ್ಲಿ ಕಳೆದೆ. ಬೆಳಿಗ್ಗೆ ಅವಳಿಗೆ ಹಿಂದಿನ ದಿನದ ಗಲಾಟೆ ನೆನಪಿರಲಿಲ್ಲ. ಮತ್ತೆ ಸೆರಗು ಹೊದ್ದು, ಮತ್ತೆ "ಕುಂದ್ರಿ" ಎಂದಳು. ನೀಲಮ್ಮ ಒಂದು ಉಪಾಯ ಮಾಡಿದಳು. ಅಕ್ಕನ ಬಟ್ಟೆಯ ಗಂಟು ಕಟ್ಟಿ, "ಅಕ್ಕಾ, ಇವ್ರು ಮಾವನ ಗೆಳೆಯರು. ನಿನ್ನ ಚಿತ್ತಾಪುರಕ್ಕ ಮನಿಗಿ ಕರ್ಕೊಂಡ್ ಹೋಗ್ತಾರ, ನಡಿ" ಎಂದಳು. ಅಲ್ಲಿ ಅವಳ ಒಲೆ, ಅವಳ ಅಂಗಳ, ಅವಳ ಗೋಡೆಯ ಮೊಳೆಗಳಿವೆ. ಅಲ್ಲಿ ಕುಳಿತರೆ ನನ್ನ ಮುಖವೂ ಮೆಲ್ಲಗೆ ಮರಳಿ ಬಂದೀತೆಂದು ನನಗೆ ಆಸೆ. ನೀಲಮ್ಮನೂ ಜೊತೆಗೆ ಬರುವವಳಿದ್ದಳು.

ಚಂದಮ್ಮ ಬಸ್ಸಿನವರೆಗೆ ಬಂದಳು. ಮೆಟ್ಟಿಲಿನ ಹತ್ತಿರ ನಿಂತಳು. ಗಂಟನ್ನು ನೀಲಮ್ಮನ ಕೈಯಿಂದ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಮುಖ ಎತ್ತದೆ, ಬಹಳ ಮರ್ಯಾದೆಯಿಂದ ಹೇಳಿದಳು:

"ತಪ್ಪು ತಿಳ್ಕೋಬ್ಯಾಡ್ರಿ. ಅವ್ರು ನನ್ನ ಇಲ್ಲೇ ಬಿಟ್ಟು ಹೋಗ್ಯಾರ. ನಾ ಇಲ್ಲಿಂದ ಎದ್ದು ಹೋದ್ರ, ಅವ್ರು ಬಂದು ನನ್ನ ಎಲ್ಲಂತ ಹುಡುಕಬೇಕ್ರಿ?"

ಕಂಡಕ್ಟರು ಸೀಟಿ ಹೊಡೆದ. ನಾನೊಬ್ಬನೇ ಚಿತ್ತಾಪುರಕ್ಕೆ ಬಂದೆ.